ಗೆರೆ ಬಾರದ ಮೂರು ಪಟ್ಟಿ

ಆಗ ನನಗೆ ಅರವತ್ತೇಳು. ಇದಾಗಿ ನಾಲ್ಕು ವರ್ಷವಾಯಿತು. ನಮ್ಮದು ಅಂಕೋಲೆ ಹತ್ತಿರದ ಭಾವಿಕೇರಿ. ನಾನು ಎರಡನೇ ಇಯತ್ತೆ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ಆ ಮಳೆಗಾಲ ನಮ್ಮೂರ ಆಶಾ ಕಾರ್ಯಕರ್ತೆ ಜಾನಕಿಯ ಮನೆಗೆ ನೀರು ನುಗ್ಗಿತು. ಕಾರವಾರದಿಂದ ಬಂದಿದ್ದ ಮಲೇರಿಯಾ ನೋಡುವ ಪಟ್ಟಿಗಳ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಳು.

"ಒದ್ದೆ ಆಗದಂಗೆ ಇಡಿ ಅಜ್ಜಿ. ಇದ್ರ ಕಾಗದದಲ್ಲಿ ಬಂಗಾರದ ಪುಡಿ ಅದೆ, ಕಣ್ಣಿಗೆ ಕಾಣೂದಿಲ್ಲ. ಅದೇ ಕೆಂಪು ಗೆರೆಯಾಗಿ ಬರೂದು."

"ಬಂಗಾರ ಕೆಂಪಾಗೂದು ಎಲ್ಲಿ ಕಂಡೀಯೆ?"

"ಅಷ್ಟು ಸಣ್ಣ ಮಾಡಿದ್ರೆ ಕೆಂಪೇ ಕಾಣೂದು."

ಮಳೆಗಾಲದಲ್ಲಿ ನಾವು ಒಣಮೀನು, ಬೀಜ, ಬೆಂಕಿಪೊಟ್ಟಣ ಎಲ್ಲ ಇಡುವುದು ಒಲೆಯ ಮೇಲಿನ ಅಟ್ಟದಲ್ಲಿ. ಅದನ್ನೂ ಅಲ್ಲೇ ಇಟ್ಟೆ.

ತಿಂಗಳ ಮೇಲೆ ಸೊಸೆ ಮಂಗಲಾ ಚಳಿಜ್ವರದಿಂದ ಮಲಗಿದಳು. ಮೂರನೇ ದಿನ ನನ್ನನ್ನೇ ತನ್ನ ಸತ್ತ ತಾಯಿ ಎಂದುಕೊಂಡು ಮಾತಾಡತೊಡಗಿದಳು. ಜಾನಕಿಯನ್ನು ಕರೆಸಿ, ಆ ಪೆಟ್ಟಿಗೆ ತಂದುಕೊಟ್ಟೆ. ಅವಳು ಬೆರಳು ಚುಚ್ಚಿ, ಪಟ್ಟಿಗೆ ರಕ್ತ ಬಿಟ್ಟು, ಅದರ ಮದ್ದಿನ ಹನಿ ಹಾಕಿದಳು. "ಮಲೇರಿಯಾ ಇದ್ರೆ ಎರಡು ಗೆರೆ, ಇಲ್ದಿದ್ರೆ ಒಂದು."

ಕಾದೆವು. ಮಧ್ಯಾಹ್ನವೇ ಮನೆಯೊಳಗೆ ಕತ್ತಲು. ಪಟ್ಟಿ ಬರೇ ಬಿಳಿ.

"ಒಂದೂ ಇಲ್ದಿದ್ರೆ?" ಎಂದೆ.

ಜಾನಕಿ ಪೆಟ್ಟಿಗೆಗೆ ಕೈ ಹಾಕಿದಳು. ಬೇರೆ ಪಟ್ಟಿ ತೆಗೆದು ತನ್ನ ಬೆರಳು ಚುಚ್ಚಿಕೊಂಡಳು. ಬಿಳಿ. ನನ್ನ ಬೆರಳು ಚುಚ್ಚಿದಳು. ಅದೂ ಬಿಳಿ. ಮೂರು ಪಟ್ಟಿ ಮಣೆಯ ಮೇಲೆ ಸಾಲಾಗಿದ್ದವು. ನಾವು ಮೂವರೂ ಆ ಮನೆಯಲ್ಲಿ ಇಲ್ಲವೇ ಇಲ್ಲ ಎಂದಂತೆ ಕಂಡಿತು. ಮಂಗಲಾ ಕಣ್ಣು ಮುಚ್ಚಿಯೇ ನಕ್ಕಳು. "ಎಲ್ರೂ ಬಂದ್ರಿ ಅಲ್ಲ ಅಮ್ಮ?"

ಜಾನಕಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು.

"ಪೆಟ್ಟಿಗೆ ಎಲ್ಲಿಟ್ಟಿದ್ರಿ ಅಜ್ಜಿ?"

"ಒಲೆ ಮೇಲೆ. ಮತ್ತೆಲ್ಲಿ ಇಡೂದು?"

"ಬಿಸಿಗೆ ಎಲ್ಲಾ ಕೆಟ್ಟದೆ. ಏಳಿ, ರಿಕ್ಷಾ ತರ್ತೆ."

ಅಂಕೋಲೆಯ ದವಾಖಾನೆಯಲ್ಲಿ ಹೊಸ ಪಟ್ಟಿಗೆ ಮಂಗಲಾಳ ರಕ್ತ ಬಿಟ್ಟರು. ಒಂದು ಗೆರೆ ಬಂತು, ಸ್ವಲ್ಪ ತಡೆದು ಇನ್ನೊಂದು. ಮಲೇರಿಯಾ. ಇನ್ನೊಂದು ದಿನ ಬಿಟ್ಟಿದ್ದರೆ ಉಳಿಯುವುದು ಕಷ್ಟವಿತ್ತು ಎಂದು ಡಾಕ್ಟರರು ಹೇಳಿದರು. ಕೂಡಲೇ ಔಷಧ ಸುರುವಾಯಿತು.

ಪಟ್ಟಿ ಕೆಟ್ಟದ್ದು ನನ್ನ ಒಲೆಯಿಂದ ಎಂದು ನನಗೆ ಗೊತ್ತು. ಆದರೂ ನನ್ನ ರಕ್ತ ಕುಡಿದು ಬಿಳಿಯಾಗಿಯೇ ಉಳಿದ ಆ ಕಾಗದ ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮರುದಿನ ಬೆಳಿಗ್ಗೆ ಮಂಗಲಾ ನನ್ನನ್ನು ಅತ್ತೆ ಎಂದು ಕರೆದು ನೀರು ಕೇಳಿದಳು. ಕುಡಿಸಿ, ನೇರ ನರ್ಸಿನ ಹತ್ತಿರ ಹೋಗಿ ಬೆರಳು ಚಾಚಿದೆ. ಒಂದು ಗೆರೆ ಮೂಡುವವರೆಗೆ ಅಲ್ಲಿಂದ ಏಳಲಿಲ್ಲ.