ಮೋಟಾರ್ ಸತ್ತಿಲ್ಲ ಎಂದ ಲಮ್ದುವಾನ್

ಫ್ರೇ ಊರಿನ ಬೌದ್ಧ ಮಠದ ಜಾಗದಲ್ಲಿ, ನನ್ನ ನೂಡಲ್ಸ್ ಅಂಗಡಿಯ ಎದುರಿಗೇ, ಲಮ್ದುವಾನಳ ತಗಡಿನ ಗ್ಯಾರೇಜಿತ್ತು. ಹನ್ನೆರಡು ವರ್ಷದ ಹಿಂದೆ ಅವಳ ಗಂಡ ಇನ್ನೊಬ್ಬಳ ಹಿಂದೆ ಹೋದ. ಹೋಗುವಾಗ ಸ್ಪ್ಯಾನರುಗಳನ್ನು ಬಿಟ್ಟು ಹೋದದ್ದೊಂದೇ ಆ ಮಹಾನುಭಾವ ಮಾಡಿದ ಪುಣ್ಯದ ಕೆಲಸ. ಹೆಂಗಸಿನ ಕೈಗೆ ಗಾಡಿ ಕೊಡುವುದೇ ಎಂದು ಮೂಗು ಮುರಿದವರೆಲ್ಲ ಬರಬರುತ್ತಾ ಅವಳ ಬಾಗಿಲಲ್ಲೇ ಸಾಲು ನಿಂತರು. ಮುಖಂಡ ಥವಿನ್ ಒಬ್ಬ ಮಾತ್ರ ಬರಲಿಲ್ಲ. ಅವನು ಸುತ್ತಿನ ಹಳ್ಳಿಗಳಿಗೆಲ್ಲ ದೊಡ್ಡವನು, ಮಠದ ಸಮಿತಿಗೂ ಅಧ್ಯಕ್ಷ. ಗ್ಯಾರೇಜಿನ ಜಾಗದ ಕರಾರು ಆ ಮಾರ್ಚಿಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವುದೂ ಬಿಡುವುದೂ ಅವನ ಕೈಯಲ್ಲಿತ್ತು.

ಮಾರ್ಚಿನಲ್ಲಿ ನಮ್ಮ ಗುಡ್ಡಗಳಿಗೆ ಬೆಂಕಿ ಬಿದ್ದು ಗಾಡಿಗಳ ಗಾಜಿನ ಮೇಲೆಲ್ಲ ಬೂದಿ ಕೂರುತ್ತದೆ. ಸರಿಯಾಗಿ ಆಗಲೇ ಥವಿನ್‌ನ ಹೊಸ ಪಿಕಪ್ಪಿನಲ್ಲಿ ಗಾಜು ತೊಳೆಯುವ ನೀರು ಚಿಮ್ಮುವುದು ನಿಂತಿತು. ಪೇಟೆಯ ಗ್ಯಾರೇಜಿನವರು ಒಂದು ವಾರ ಕಾಯಿರಿ ಎಂದರಂತೆ. ಸಮಿತಿಯ ಸಭೆಗೆ ಎರಡು ದಿನವಿದೆ ಎನ್ನುವಾಗ, ಬೇರೆ ದಾರಿಯಿಲ್ಲದೆ ಇವಳ ಬಾಗಿಲಿಗೆ ಬಂದ. ನೂಡಲ್ಸ್ ಬಟ್ಟಲು ಕೊಡುವ ನೆಪದಲ್ಲಿ ನಾನೂ ಹೋಗಿ ನಿಂತೆ.

"ಮೋಟಾರ್ ಹೋಗಿದೆ, ಬೇರೆ ಹಾಕಮ್ಮ," ಎಂದ.

"ಹೋಗಿದ್ಯೋ ಇಲ್ವೋ ನಾನು ನೋಡಿ ಹೇಳ್ತೀನಿ ಮುಖಂಡ್ರೆ. ನೀವು ಒಳಗೆ ಕೂತು ನೀರು ಚಿಮ್ಮಿಸೋ ಕಡ್ಡಿ ಎಳೀರಿ."

ಅವನು ಎಳೆದ. ಇವಳು ಬಂಪರಿನ ಪಕ್ಕ ಕಿವಿಯಿಟ್ಟಳು. ಗುಂಯ್ ಎಂದು ಸದ್ದು ಬಂತು.

"ಕೇಳಿಸ್ತಾ? ಮೋಟಾರ್ ತಿರುಗ್ತಿದೆ. ಅಂದ್ಮೇಲೆ ಫ್ಯೂಸು, ವೈರು ಎಲ್ಲಾ ಸರಿ ಇದೆ."

ನೀರು ಚಿಮ್ಮುವ ತೂತಿಗೆ ಸೂಜಿ ಹಾಕಿದಳು, ಕಸವಿರಲಿಲ್ಲ. ಅಲ್ಲಿಗೆ ಬರುವ ಪೈಪು ಕಿತ್ತಳು, ನೀರಿಲ್ಲ. ಮೋಟಾರಿನ ಬಾಯಲ್ಲೇ ಪೈಪು ಕಿತ್ತಳು, ಅಲ್ಲೂ ಇಲ್ಲ. ಟ್ಯಾಂಕಿನಲ್ಲಿ ಮಾತ್ರ ತುಂಬ ನೀರು! ಕೆಳಗೆ ಬೇಸಿನ್ ಇಟ್ಟು ಮೋಟಾರನ್ನು ಹೊರಗೆಳೆದಳು. ನೀರು ಹೀರುವ ಕಡೆಯ ಸಣ್ಣ ಜಾಲರಿಗೆ ಹಳದಿ ಮೇಣ ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಅದರೊಳಗೆ ಕೊಳೆತ ಮಲ್ಲಿಗೆ ಎಸಳುಗಳು.

"ಟ್ಯಾಂಕಿಗೆ ಏನು ಹುಯ್ದಿದ್ರಿ?"

ಥವಿನ್ ಎದೆಯುಬ್ಬಿಸಿದ. "ಮಂತ್ರದ ನೀರು! ಗಾಡಿ ಪೂಜೆ ದಿನ ಹಿರಿಯ ಭಿಕ್ಷುಗಳು ಕೊಟ್ಟಿದ್ದು. ಮಿಕ್ಕಿದ್ದನ್ನ ಕಂಡಕಂಡೋರು ತುಳಿಯೋ ನೆಲಕ್ಕೆ ಚೆಲ್ಲೋಕಾಗುತ್ತಾ? ದಿನಾ ಗಾಜಿನ ಮೇಲೆ ಬೀಳ್ಲಿ, ಗಾಡಿಗೆ ಒಳ್ಳೇದು ಅಂತ ಅಲ್ಲಿಗೆ ಹಾಕ್ದೆ. ಊರೋರಿಗೆಲ್ಲ ಹಾಗೇ ಮಾಡಿ ಅಂತ ಹೇಳಿದ್ದೀನಿ."

ಮಂತ್ರ ಹೇಳುವಾಗ ಉರಿಯುವ ಮೇಣದಬತ್ತಿಯನ್ನು ಬಟ್ಟಲಿನ ಮೇಲೆ ಬಗ್ಗಿಸಿ ಹನಿ ಬೀಳಿಸುತ್ತಾರಲ್ಲ, ಆ ಮೇಣ ಇದು. ನನಗೆ ನಗು ತಡೆಯಲಾಗದೆ ನೂಡಲ್ಸ್ ಬಟ್ಟಲು ಹುಡುಕುವವಳ ಹಾಗೆ ಮುಖ ತಿರುಗಿಸಿಕೊಂಡೆ. ಲಮ್ದುವಾನ್ ನಗಲಿಲ್ಲ.

"ನೀರಿನ ತಪ್ಪಲ್ಲ ಮುಖಂಡ್ರೆ, ಮೇಣದ್ದು. ಬಟ್ಟೇಲಿ ಸೋಸಿ ಹಾಕಿ ಅಂತ ಎಲ್ಲರಿಗೂ ಹೇಳ್ಬಿಡಿ."

ಅವನ ಮುಖ ಕಪ್ಪಿಟ್ಟಿತು. ಊರಿಗೆಲ್ಲ ಬುದ್ಧಿ ಹೇಳಿದವನು ಈಗ ತಪ್ಪಾಯಿತು ಎನ್ನಬೇಕಲ್ಲ! ದನಿ ತಗ್ಗಿಸಿದ. "ಮೋಟಾರ್ ಸುಟ್ಟೋಗಿತ್ತು ಅನ್ನು. ಹೊಸದು ಹಾಕು. ನಾಡಿದ್ದು ನಿನ್ನ ಕರಾರು ನಾನು ನೋಡ್ಕೋತೀನಿ."

"ಚೆನ್ನಾಗಿರೋದನ್ನ ಸತ್ತಿದೆ ಅನ್ಬೇಕಾ?"

"ಒಂದು ಮಾತು ಕಣಮ್ಮ. ನಿನ್ನ ಗಂಟೇನು ಹೋಗುತ್ತೆ?"

ಅವಳು ಮೋಟಾರನ್ನು ಕೈಗೆತ್ತಿಕೊಂಡಳು. ಬಿಸಿನೀರಲ್ಲಿ ಜಾಲರಿ ತೊಳೆದು, ಅದೇ ಮೋಟಾರನ್ನು ಕೂರಿಸಿ, ಟ್ಯಾಂಕಿಗೆ ಬರೀ ನೀರು ತುಂಬಿಸಿ ತಾನೇ ಒಳಗೆ ಕೂತು ಎಳೆದಳು. ನೀರು ಗಾಜಿನ ಮೇಲಿಂದ ಹಾರಿ ಅವನ ಅಂಗಿಗೂ ಬಿತ್ತು.

ಅವನು ಹೋದಮೇಲೆ ನಾನು ಚೆನ್ನಾಗಿ ಬೈದೆ. "ಜುಟ್ಟು ಅವನ ಕೈಲಿದೆ, ನಿಂಗೆ ಈ ಜಂಬ ಬೇಕಿತ್ತೇನೇ? ಹೋಗಿ ಒಂದು ನಮಸ್ಕಾರ ಹಾಕಿ ಬಾ!"

"ಹಾಕಲ್ಲ ಅಕ್ಕ."

ಸಭೆಯ ದಿನ ಕರಾರಿನ ಸಲುವಾಗಿ ಅವಳು ಹೋದಳು, ಜೊತೆಗೆ ನಾನೂ ಹೋದೆ. ಅಲ್ಲಿ ಸಮಿತಿಯವನೊಬ್ಬ ಥವಿನ್‌ನನ್ನು ಕೇಳಿದ. "ನನ್ನ ಗಾಡೀಲೂ ನೀರು ಬರ್ತಿಲ್ಲ ಮುಖಂಡ್ರೆ. ನಿಮ್ಮದಕ್ಕೆ ಏನಾಗಿತ್ತು?"

"ಮೋಟಾರ್ ಹೋಗಿತ್ತು," ಎನ್ನುತ್ತಾ ಥವಿನ್ ಲಮ್ದುವಾನಳನ್ನೇ ದಿಟ್ಟಿಸಿದ. "ಅಲ್ವೇನಮ್ಮ?"

ಅವಳು ಎದ್ದು ನಿಂತಳು. "ಇಲ್ಲ. ಮೇಣ ಕಟ್ಟಿಕೊಂಡಿತ್ತು. ಮೋಟಾರ್ ಗಟ್ಟಿಮುಟ್ಟಾಗಿದೆ."

ಕರಾರು ಅಲ್ಲಿಗೆ ಮುಗಿಯಿತು, ಜಾಗ ಖಾಲಿ ಮಾಡು ಎಂದ ಥವಿನ್. ಒಬ್ಬನಾದರೂ ಉಸಿರೆತ್ತಿದನೇ? ಅಲ್ಲಿದ್ದವರಲ್ಲಿ ಅರ್ಧ ಜನರ ಗಾಡಿಯ ಬ್ರೇಕು ಸರಿಮಾಡಿದವಳು ಇವಳೇ. ಮಾರನೆಯ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಎರಡು ಮೇಜು ಸರಿಸಿ, ಸಾಮಾನು ತಂದಿಡು ಎಂದೆ. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಒಂದೇ ಒಂದು ಸುಳ್ಳು ಕಣೇ. ಹೇಳಿದ್ರೆ ಏನಾಗ್ತಿತ್ತು?"

ಅವಳು ಜಾಕ್ ಇಳಿಸಿ ನನ್ನತ್ತ ತಿರುಗಿದಳು. "ಚೆನ್ನಾಗಿರೋ ಮೋಟಾರ್ ಸತ್ತಿದೆ ಅಂತ ಇವತ್ತು ಹೇಳಿದ್ರೆ, ನಾಳೆ ನಾನು ಬ್ರೇಕ್ ಚೆನ್ನಾಗಿದೆ ಅಂದಾಗ ನೀನು ಮೊಮ್ಮಕ್ಕಳನ್ನ ಆ ಗಾಡೀಲಿ ಕೂರಿಸ್ತೀಯಾ ಅಕ್ಕ?"

ನಾನು ಇನ್ನೂ ಎರಡು ಮೇಜು ಎಳೆದು ಹೊರಗೆ ಹಾಕಿದೆ.