ವಾಲೆಂತಿಯ ಹನ್ನೊಂದು ವಿಧವೆಯರು

ಪೋಲೆಂಡಿನ ಲುಬ್ಲಿನ್ ಸೀಮೆಯ ಹೊಳೆದಂಡೆಯ ಊರಿನಲ್ಲಿ ಬಣ್ಣದ ಬ್ರಿಗಿದಾ ಎಂದರೆ ಗೊತ್ತಿಲ್ಲದವರಿರಲಿಲ್ಲ. ಅಪ್ಪ ಬಟ್ಟೆಗೆ ಬಣ್ಣ ಹಾಕುವ ಬಣ್ಣಗಾರ, ಗಂಡ ವಾಲೆಂತಿಯೂ ಬಣ್ಣಗಾರ. ಬಾಯಿ ಮಾತ್ರ ಅವಳ ಸ್ವಂತದ್ದು. ಉಳಿದ ಬಣ್ಣಗಳೆಲ್ಲ ವಾಲೆಂತಿಯ ಪಾಲು, ಕಪ್ಪು ಅವಳದು. ಕಪ್ಪು ಕೂರಿಸುವುದು ಹುಡುಗಾಟವಲ್ಲ. ಹಂಡೆಯಲ್ಲಿ ಮರದ ಚಕ್ಕೆ ಕುದಿಸಿ, ಬಟ್ಟೆ ಅದ್ದಿ, ಕಬ್ಬಿಣದ ತುಕ್ಕಿನ ನೀರಿನಲ್ಲಿ ಹೊರಳಿಸಿ, ಹೊಳೆಯಲ್ಲಿ ಜಾಲಿಸಿ, ಮತ್ತೆ ಮೊದಲಿನಿಂದ ಶುರುಮಾಡಬೇಕು. ಅವಸರಪಟ್ಟರೆ ಒಂದೇ ಒಗೆತಕ್ಕೆ ಕಂದು ತಿರುಗುತ್ತದೆ. ಬ್ರಿಗಿದಾ ಅದ್ದಿದ ಕಪ್ಪು ಯಾವತ್ತೂ ಕಂದು ತಿರುಗಿದ್ದಿಲ್ಲ.

ಸಾವಿರದ ಎಂಟುನೂರ ಅರವತ್ತರ ಸುಮಾರಿನ ಆ ವರ್ಷಗಳಲ್ಲಿ ಪೋಲಿಷ್ ಹೆಂಗಸರೆಲ್ಲ ಕಪ್ಪನ್ನೇ ಉಡುತ್ತಿದ್ದರು. ವಾರ್ಸಾದ ಬೀದಿಯಲ್ಲಿ ರಷ್ಯದ ಸಿಪಾಯಿಗಳು ಐವರನ್ನು ಗುಂಡಿಟ್ಟು ಕೊಂದ ಮೇಲೆ ದೇಶಕ್ಕೇ ಸೂತಕವೆಂದು ತೀರ್ಮಾನವಾಗಿತ್ತು. ನಾಯಕರಲ್ಲಿ ಕೆಲವರು ಪ್ಯಾರಿಸ್ಸಿನಲ್ಲಿ ಕೂತು ಘೋಷಣೆ ಬರೆದರು, ಕೆಲವರು ದಂಗೆಯೆದ್ದು ಕಾಡಿನಲ್ಲಿ ಕಾದಾಡಿ ನೇಣಿಗೇರಿದರು. ಹೆಂಗಸರು ಕಪ್ಪು ಉಟ್ಟು ಸಂತೆಗೆ ಹೋದರು, ಅಷ್ಟೇ. ಪೋಲೆಂಡನ್ನು ಆಳುತ್ತಿದ್ದ ರಷ್ಯದ ಚಕ್ರವರ್ತಿಗೆ ಇದೇ ಹೆಚ್ಚು ಉರಿಯಿತೆಂದು ಕಾಣುತ್ತದೆ. ಕಪ್ಪು ಉಟ್ಟವಳಿಗೆ ದಂಡವೆಂದು ಹುಕುಂ ಬಂತು. ಮನೆಯಲ್ಲಿ ನಿಜವಾಗಿ ಸಾವಾಗಿದ್ದರೆ ಮಾತ್ರ, ಠಾಣೆಯಿಂದ ಚೀಟಿ ಪಡೆದು, ಅದನ್ನು ಜೊತೆಯಲ್ಲೇ ಇಟ್ಟುಕೊಂಡು ಉಡಬಹುದಿತ್ತು.

ಆ ಚಳಿಗಾಲದಲ್ಲೇ ವಾಲೆಂತಿ ಕೆಮ್ಮಿ ಕೆಮ್ಮಿ ತೀರಿಕೊಂಡ. ಬ್ರಿಗಿದಾಳಿಗೆ ಚೀಟಿ ಸಿಕ್ಕಿತು. ಗುಮಾಸ್ತ ಮಹಾ ಸೋಮಾರಿ. ವಯಸ್ಸು, ಚಹರೆ ಏನೂ ಬರೆಯದೆ ‘ಬಣ್ಣಗಾರ ವಾಲೆಂತಿಯ ವಿಧವೆ’ ಎಂದಷ್ಟೇ ಗೀಚಿ ಮೊಹರು ಒತ್ತಿದ್ದ.

ಚೀಟಿ ನೋಡಿ ಪಕ್ಕದ ಮನೆಯ ರೊಟ್ಟಿ ಸುಡುವ ತೆಕ್ಲಾ ಗೊಳೋ ಎಂದಳು. ಅವಳ ಮಗನನ್ನು ಸಂಕೋಲೆ ಹಾಕಿ ಸೈಬೀರಿಯಾಕ್ಕೆ ನಡೆಸಿಕೊಂಡು ಹೋಗಿದ್ದರು.

“ನಿಂಗಾದ್ರೆ ಚೀಟಿ ಸಿಕ್ತು ಬ್ರಿಗಿದಕ್ಕ. ನನ್ ಮಗ ಸತ್ತೂ ಇಲ್ಲ, ಇದ್ದೂ ಇಲ್ಲ. ಅಂಥೋರಿಗೆ ಚೀಟಿ ಕೊಡಲ್ವಂತೆ.”

“ಅಳ್ಬೇಡ್ವೇ, ಹಿಟ್ಟೆಲ್ಲ ಉಪ್ಪಾಗುತ್ತೆ. ತಗೋ, ಮಧ್ಯಾಹ್ನದ ತನಕ ವಾಲೆಂತಿ ನಿನ್ ಗಂಡ.”

“ಅಯ್ಯೋ, ನಮ್ಮೋರು ಕೇಳಿದ್ರೆ?”

“ಸತ್ತೋನ ಮೇಲೆ ಹೊಟ್ಟೆಕಿಚ್ಚು ಪಡ್ಬೇಡ ಅಂತ ಹೇಳು.”

ಅಲ್ಲಿಂದ ಚೀಟಿ ತಿಂಗಳುಗಟ್ಟಲೆ ಮನೆಮನೆ ತಿರುಗಿತು. ಮಗ ಸೆರೆಯಲ್ಲಿದ್ದವಳು, ಕಾದಾಡಲು ಹೋದ ತಮ್ಮ ಕಾಡಿನಿಂದ ಮರಳದವಳು, ಯಾರೂ ಹೋಗದಿದ್ದರೂ ದೇಶ ಹೋಯಿತಲ್ಲ ಎಂದು ಸಂಕಟಪಡುವವಳು. ಬ್ರಿಗಿದಾಳೂ ಸೇರಿ ಹನ್ನೊಂದು ಜನ. ಇದು ಎಷ್ಟು ದಿನ ನಡೆದೀತು? ಸೇತುವೆಯ ಮೇಲಿನ ಪೇದೆ ಒಂದೇ ದಿನದಲ್ಲಿ ವಾಲೆಂತಿಯ ಮೂವರು ವಿಧವೆಯರನ್ನು ಕಂಡ. ಮೂರನೆಯವಳಿಗೆ ಇಪ್ಪತ್ತೂ ತುಂಬಿರಲಿಲ್ಲ.

ಠಾಣೆಯ ಸಾಹೇಬ ಬ್ರಿಗಿದಾಳನ್ನು ಕರೆಸಿದ. ವಾಲೆಂತಿಯ ವರ್ಷದ ಪೂಜೆಗೆ ಇನ್ನು ಒಂದೇ ವಾರವಿತ್ತು. ಆ ದಿನ ಹೊಸದಾಗಿ ಅದ್ದಿದ ಕಪ್ಪು ಉಟ್ಟು ಚರ್ಚಿನ ಮುಂದಿನ ಸಾಲಿನಲ್ಲಿ ನಿಲ್ಲಬೇಕು ಎಂಬುದೊಂದೇ ಅವಳ ಆಸೆ. ಬದುಕಿದ್ದಾಗ ಅವನನ್ನು ಬೈದದ್ದೇ ಹೆಚ್ಚು. ಇದೊಂದನ್ನಾದರೂ ಕ್ರಮವಾಗಿ ಮಾಡಬೇಕಿತ್ತು.

“ಈ ಚೀಟಿ ಯಾರ್‍ಯಾರಿಗೆ ಕೊಟ್ಟೆ? ಹೆಸರು ಹೇಳು, ನಿನಗೆ ಹೊಸ ಚೀಟಿ ಬರಕೊಡ್ತೀನಿ,” ಎಂದ ಸಾಹೇಬ.

“ನಾವು ಹನ್ನೊಂದು ಜನಾನೂ ವಾಲೆಂತಿ ಹೆಂಡ್ರೇ ಸಾಹೇಬ್ರೇ.”

“ಹನ್ನೊಂದು ಜನಾನೂ?”

“ಪಾಪ, ಬಹಳ ನಾಚಿಕೆ ಸ್ವಭಾವ. ನಂಗೂ ಹೇಳಿರ್ಲಿಲ್ಲ.”

ಪೇದೆ ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿದ. ಸಾಹೇಬ ನಗಲಿಲ್ಲ. ಚೀಟಿಯನ್ನು ಅವಳೆದುರಿಗೇ ಹರಿದ.

“ಇನ್ಮೇಲೆ ನಿನ್ನ ಮೈಮೇಲೆ ಕಪ್ಪು ಕಂಡ್ರೆ ಹಂಡೆ ಒಡೆಸ್ತೀನಿ. ಪೂಜೆ ದಿನ ಚರ್ಚಿನ ಬಾಗ್ಲಲ್ಲಿ ನಾನೇ ನಿಂತಿರ್ತೀನಿ.”

ಬ್ರಿಗಿದಾ ನೆಟ್ಟಗೆ ನಡೆದು ಮನೆಗೆ ಬಂದಳು. ಬಾಗಿಲು ಹಾಕಿಕೊಂಡ ಮೇಲೆ ಅತ್ತಳು. ದಂಡಕ್ಕೆ ಹೆದರುವ ಜೀವವಲ್ಲ ಅದು. ಆದರೆ ಹಂಡೆ ಹೋದರೆ ಇಡೀ ಊರಿಗೆ ಕಪ್ಪಿಲ್ಲ. ಒಂದು ಹೆಸರು ಹೇಳಿದ್ದರೆ ಹೊಸ ಚೀಟಿ ಕೈಯಲ್ಲಿರುತ್ತಿತ್ತು. ಆ ಯೋಚನೆ ಬಂದದ್ದಕ್ಕೇ ತನ್ನನ್ನು ತಾನು ಬೈದುಕೊಂಡು, ಎಲೆಕೋಸಿನ ಸಾರು ಬಿಸಿಮಾಡಿ ಕುಡಿದು, ಪೆಟ್ಟಿಗೆ ತೆರೆದಳು.

ಪೂಜೆಯ ಬೆಳಿಗ್ಗೆ ಚರ್ಚಿನ ಮುಂದೆ ಹಿಮ ಬಿದ್ದಿತ್ತು. ಸಾಹೇಬ ಹೇಳಿದಂತೆ ಬಾಗಿಲಲ್ಲಿ ನಿಂತಿದ್ದ. ತೆಕ್ಲಾ ಮತ್ತು ಉಳಿದ ಒಂಬತ್ತು ಜನ ಚೀಟಿಯಿಲ್ಲದೆಯೇ ಕಪ್ಪು ಉಟ್ಟು ಬಂದಿದ್ದರು. ಪೇದೆ ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡ. ಅವರು ಜೋರಾಗಿ, ಅಕ್ಷರ ತಪ್ಪದ ಹಾಗೆ ಬರೆಸಿದರು.

ಕೊನೆಗೆ ಬ್ರಿಗಿದಾ ಬಂದಳು. ಮೈಮೇಲೆ ಮದುವೆಯ ಲಂಗ, ಕಡುಗೆಂಪು. ಇಪ್ಪತ್ತೆರಡು ವರ್ಷದ ಹಿಂದೆ ವಾಲೆಂತಿ ಅವಳಿಗೆಂದೇ ಅದ್ದಿದ್ದು, ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಸಾಹೇಬ ಲಂಗವನ್ನು ಮೇಲಿಂದ ಕೆಳಗಿನವರೆಗೆ ನೋಡಿ ಪಕ್ಕಕ್ಕೆ ಸರಿದ. ಕಪ್ಪು ಉಟ್ಟ ಹತ್ತು ಹೆಂಗಸರು ದಾರಿ ಬಿಟ್ಟು ಅವಳನ್ನು ಮುಂದಿನ ಸಾಲಿಗೆ ಕಳಿಸಿದರು. ತೆಕ್ಲಾ ಬಿಕ್ಕುತ್ತಿದ್ದಳು.

ಬ್ರಿಗಿದಾ ಮೊಣಕಾಲೂರಿ, ಮೇಣದ ಬತ್ತಿ ಹಚ್ಚಿ, ಸಾಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಗಂಡನಿಗೆ ಹೇಳಿದಳು:

“ಬೇಜಾರು ಮಾಡ್ಕೋಬೇಡ ಕಣೋ ವಾಲೆಂತಿ. ನನ್ ಕಪ್ಪೆಲ್ಲ ಊರಿಗೆ ಹಂಚಿಬಿಟ್ಟೆ. ನಿಂಗೇಂತ ಉಳಿದಿದ್ದು ಇದೊಂದೇ.”