ಬರೆದ ಕಣ್ಣುಗಳು

ಕಟ್ಟುಕಥೆ ಅನ್ನುವವರು ಅನ್ನಲಿ. ಆ ಫೋಟೋವನ್ನು ಈ ಕೈಯಿಂದಲೇ ತೊಳೆದಿದ್ದೇನೆ. ಇಂದಿಗೂ ನೆನೆದರೆ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ.

ನಲವತ್ತರ ದಶಕ. ಸವಣೂರಿನಲ್ಲಿ ನನ್ನ ಗಂಡನ ಫೋಟೋ ಅಂಗಡಿ ಇತ್ತು. ನಮ್ಮ ಕಡೆ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಒಂದು ಫೋಟೋ ಬೇಕು, ಅದರಲ್ಲಿ ಕಣ್ಣು ತೆರೆದಿರಬೇಕು. ಗಂಡ ಫೋಟೋ ತೆಗೆದು ತರುತ್ತಿದ್ದರು. ಗಾಜಿನ ಪ್ಲೇಟಿನ ಮೇಲೆ ಪೆನ್ಸಿಲ್‌ನಿಂದ ಕಣ್ಣು ಬರೆಯುವುದು ನನ್ನ ಕೆಲಸ.

ಅಂಥದ್ದೇ ಕೆಲಸಕ್ಕೆ ಅವರು ಹತ್ತಿಮತ್ತೂರಿಗೆ ಹೋಗಿದ್ದ ದಿನ, ದೀಪ ಹಚ್ಚುವ ಹೊತ್ತಿಗೆ, ಚಿನ್ನದ ಗಣಿಗೆ ಆಳು ಸೇರಿಸುವ ಏಜೆಂಟನೊಬ್ಬ ಬಂದ. ಜೊತೆಗೆ ನನ್ನ ತಮ್ಮ ಬಸ್ಯಾ. ಬೆಳಗಾದರೆ ಅವನೂ ಗಣಿಗೆ ಹೊರಡುವವನಿದ್ದ.

ಏಜೆಂಟ ಹಳೆಯ ಗಾಜಿನ ಪ್ಲೇಟೊಂದನ್ನು ಬಿಚ್ಚಿದ. "ವಿಲಾಯ್ತಿ ರಾಣಿ ಕಾಲದ್ದು ಅಕ್ಕಾರ. ಗಣಿಯೊಳಗ ತಗದ ಫೋಟೋ. ನೋಡ್ರಿ, ಮಂದಿ ಹೆಂಗ ಆರಾಮ ಕುಂತಾರ. ನಾಕು ಪ್ರತಿ ಮಾಡಿಕೊಡ್ರಿ, ಹಂಸಭಾವಿ, ಚಿಕ್ಕೇರೂರ ಕಡೆ ತೋರಸಬೇಕು."

ಒಳಗೆ ಹೋಗಿ ಕತ್ತಲೆಕೋಣೆಯ ಬಾಗಿಲು ಹಾಕಿಕೊಂಡೆ. ಪ್ಲೇಟಿನಲ್ಲಿ ಗಣಿಯ ಆಳುಗಳು ಬಂಡೆಗೆ ಒರಗಿ ಸಾಲಾಗಿ ಕುಳಿತಿದ್ದರು. ಸಾಲಿನ ತುದಿಯಲ್ಲಿ ಒಬ್ಬ ಕೂರುವಷ್ಟು ಜಾಗ ಖಾಲಿ. ಬೆರಳಾಡಿಸಿದೆ... ಒಬ್ಬೊಬ್ಬರ ಕಣ್ಣಿನ ಮೇಲೂ ಪೆನ್ಸಿಲ್‌ನ ತರಿ. ನನ್ನ ಬೆರಳಿಗೆ ಅದರ ಗುರುತು ಹೇಳಿಕೊಡಬೇಕಿರಲಿಲ್ಲ. ಅವರು ಹೆಣಗಳು.

ಮೈ ಉರಿದುಹೋಯಿತು. ಸತ್ತವರನ್ನು ಕೂರಿಸಿ, ಕಣ್ಣು ಬರೆಸಿ, ಬದುಕಿದ್ದವರನ್ನು ಕರೆಯಲು ಹೊರಟಿದ್ದಾರಲ್ಲ ಹಲ್ಕಟ್ಟುಗಳು. ಟರ್ಪೆಂಟೈನ್ ಬಟ್ಟೆಯಿಂದ ಎಲ್ಲ ಕಣ್ಣುಗಳನ್ನೂ ಒರೆಸಿದೆ. ಮುಚ್ಚಿದ ರೆಪ್ಪೆಗಳು ಕಂಡವು. ಇದನ್ನೇ ಬಸ್ಯಾನಿಗೆ ತೋರಿಸಬೇಕು ಎಂದುಕೊಂಡು ಪ್ರತಿ ತೆಗೆದು, ಕಾಗದವನ್ನು ಚಿತ್ರ ಮೂಡಿಸುವ ಔಷಧದ ತಟ್ಟೆಗೆ ಹಾಕಿದೆ.

ಆಗ ವಾಸನೆ ಬಂತು. ಔಷಧದ್ದಲ್ಲ. ಸುಟ್ಟ ಸಿಡಿಮದ್ದು, ಹಸಿ ಕಲ್ಲು... ಕಾಲ ಕೆಳಗೆ, ಆಳದಲ್ಲಿ, ಯಾರೋ ಕಲ್ಲು ಕುಟ್ಟುವ ಸದ್ದು. ಟಕ್... ಟಕ್...

ಕೆಂಪು ಕಂದೀಲಿನ ಬೆಳಕಲ್ಲಿ ಮುಖಗಳು ಒಂದೊಂದಾಗಿ ಮೂಡಿದವು.

ಎಲ್ಲರ ಕಣ್ಣೂ ತೆರೆದಿದ್ದವು. ಬರೆದ ಕಣ್ಣಲ್ಲ, ನಿಜವಾದ ಕಣ್ಣು. ಎಲ್ಲರೂ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು.

ಹೊರಗಿನಿಂದ ಬಸ್ಯಾ ಪಿಸುಗುಟ್ಟಿದ. "ಅಕ್ಕಾ, ಒಳಗ ಯಾರದಾರ?"

"ಯಾರೂ ಇಲ್ಲೋ. ಯಾಕ?"

"ಗಂಡಸರ ದನಿ ಕೇಳ್ತು. ನನ್ನ ಹೆಸರು ಹಿಡದು ಕರದ್ರು."

ಸದ್ದು ನಿಂತಿತು. ಒದ್ದೆ ಕಾಗದ ಹಿಡಿದು ಹೊರಗೆ ಬಂದೆ. ಅಷ್ಟರಲ್ಲೇ ಅದರಲ್ಲಿ ಕಣ್ಣುಗಳು ಮುಚ್ಚಿದ್ದವು. ನಾನು ಬಾಯಿ ಬಿಡುವ ಮೊದಲೇ ಬಸ್ಯಾ ಆ ಮುಖಗಳನ್ನು ನೋಡಿ ಗೋಡೆ ಹಿಡಿದು ಕುಳಿತುಬಿಟ್ಟ.

"ಹೆಣಾ ತೋರಿಸಿ ಆಳು ಹಿಡೀತೀಯೇನು? ಏಳು, ನಡಿ ಹೊರಗ," ಅಂದೆ ಏಜೆಂಟನಿಗೆ.

ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ. ಒಳಗೆ ನುಗ್ಗಿ ಪ್ಲೇಟನ್ನು ಎತ್ತಿಕೊಂಡು ನಡೆದ. ಕಣ್ಣು ಬರೆಯುವವಳು ನಾನೊಬ್ಬಳೇ ಅಲ್ಲವಲ್ಲ.

ಬಸ್ಯಾ ಗಣಿಗೆ ಹೋಗಲಿಲ್ಲ. ಪ್ರತಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಮಳೆಗಾಲ ಕಳೆದ ಮೇಲೆ, ಯಾಕೋ ಮನಸ್ಸು ತಡೆಯದೆ, ತೆಗೆದು ನೋಡಿದೆ.

ಖಾಲಿ ಜಾಗ ಇರಲಿಲ್ಲ. ಅಲ್ಲೊಬ್ಬ ಹುಡುಗ ಬಂಡೆಗೆ ಒರಗಿ, ಕಣ್ಣು ಮುಚ್ಚಿ ಕುಳಿತಿದ್ದ.

ನನ್ನ ತಮ್ಮನಲ್ಲ. ಯಾರ ತಮ್ಮನೋ.